ಹಿತಕ್ಕೆ ಎಷ್ಟು ನಕ್ಷತ್ರ?

ಪ್ರೌಢಶಾಲೆಯ ಅಧ್ಯಾಪಕನಾಗಿ 34 ವರ್ಷಗಳ ಕಾಲ ಮಕ್ಕಳ ಉತ್ತರಪತ್ರಿಕೆಗಳಿಗೆ ಅಂಕವಿತ್ತವನು ನಾನು. ನಿವೃತ್ತಿಯೊಂದಿಗೆ ಆ ಹೊಣೆಯಿಂದ ಬಿಡುಗಡೆ ದೊರೆಯಿತೆಂದು ಭಾವಿಸಿದ್ದೆ. ಆದರೆ ಈಗಿನ ಕಾಲದಲ್ಲಿ ಅಂಕ ಕೊಡುವ ಉದ್ಯೋಗದಿಂದ ಯಾರಿಗೂ ನಿವೃತ್ತಿಯಿಲ್ಲವೆಂದು ತೋರುತ್ತದೆ. ಊಟ ತರಿಸಿದರೆ ಅಂಕ, ಆಟೋ ಹತ್ತಿ ಇಳಿದರೆ ಅಂಕ, ನಲ್ಲಿ ರಿಪೇರಿ ಮಾಡಿಸಿದರೆ ಅಂಕ. ಕಳೆದ ವರ್ಷ ಮಗಳು ಮತ್ತು ಅಳಿಯ ಒತ್ತಾಯಪೂರ್ವಕವಾಗಿ ನಮ್ಮಿಬ್ಬರನ್ನೂ ಇಂಡೊನೇಷ್ಯಾದ ಬಾಲಿ ದ್ವೀಪಕ್ಕೆ ಕರೆದೊಯ್ದಿದ್ದರು. ಉಬುದ್ ಪಟ್ಟಣದ ಹೊರವಲಯದಲ್ಲಿ, ಗದ್ದೆಗಳ ನಡುವಿನ ಒಂದು ವಿಲ್ಲಾದಲ್ಲಿ ಐದು ರಾತ್ರಿ ತಂಗಿದ್ದೆವು. ಊರಿಗೆ ಮರಳಿದ ಮರುದಿನವೇ ಮಗಳ ಮೊಬೈಲಿಗೆ ಸಂದೇಶ ಬಂದಿತು: ನಿಮ್ಮ ವಾಸ್ತವ್ಯ ಹೇಗಿತ್ತು, ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುವಿರಿ?

"ಅಪ್ಪಾ, ಅಂಕ ಕೊಡುವುದು ನಿಮ್ಮ ವಿದ್ಯೆ, ನೀವೇ ಕೊಡಿ" ಎಂದು ಮಗಳು ಮೊಬೈಲನ್ನು ನನ್ನ ಕೈಗಿತ್ತಳು. ಚೊಕ್ಕಟತನ, ಸ್ಥಳ, ಕೊಟ್ಟ ಹಣಕ್ಕೆ ತಕ್ಕ ಮೌಲ್ಯ ಎಂಬ ಶೀರ್ಷಿಕೆಗಳು ಅಲ್ಲಿದ್ದವು. ಪ್ರತಿಯೊಂದರ ಮುಂದೆಯೂ ಐದು ಖಾಲಿ ನಕ್ಷತ್ರಗಳು. ಒಂದು ನಿಮಿಷದ ಕೆಲಸವೆಂದು ಮಗಳು ಎಣಿಸಿದ್ದಳು. ನನಗೆ ನಾಲ್ಕು ದಿನ ಹಿಡಿಯಿತು. ಬೇಸಿಗೆಯ ನಾಡೊಂದರಲ್ಲಿ, ಸಮುದ್ರದ ನಡುವಿನ ದ್ವೀಪವೊಂದರಲ್ಲಿ, ಒಂದು ಮನೆ ಹಿತವಾಗಿದೆಯೆಂದು ಹೇಳಬೇಕಾದರೆ ಯಾವುದನ್ನು ಅಳೆಯಬೇಕು? ಸೌಲಭ್ಯಗಳ ಪಟ್ಟಿಯ ಉದ್ದವನ್ನು ಅಳೆದರೆ ಸಾಲದು ಎಂಬುದು ಆ ನಾಲ್ಕು ದಿನಗಳ ಬಳಿಕ ನಾನು ತಲುಪಿದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ನಿವೇದಿಸುತ್ತೇನೆ.

ಪಟ್ಟಿ ಉದ್ದವಾಗಿಯೇ ಇತ್ತು. ಅಳಿಯ ವಿಲ್ಲಾವನ್ನು ಕಾದಿರಿಸುವಾಗ ನನಗೂ ತೋರಿಸಿದ್ದ. ಮೂರು ಮಲಗುವ ಕೋಣೆಗಳು, ಪ್ರತಿಯೊಂದಕ್ಕೂ ಏ.ಸಿ., ಸ್ವಂತ ಈಜುಕೊಳ, ಆಕಾಶಕ್ಕೆ ತೆರೆದ ಸ್ನಾನದ ಮನೆ, ಕಲ್ಲಿನಲ್ಲಿ ಕೊರೆದ ಸ್ನಾನದ ತೊಟ್ಟಿ, ಕಾಫಿ ಯಂತ್ರ, ವೈಫೈ, ದೊಡ್ಡ ಟೀವಿ, ತೇಲುವ ತಟ್ಟೆಯಲ್ಲಿ ಬೆಳಗಿನ ತಿಂಡಿ, ಗದ್ದೆಯ ನೋಟ. ಎಣಿಸಿದರೆ ನಲವತ್ತಕ್ಕೂ ಮಿಕ್ಕಿ ಬಾಬುಗಳಿದ್ದವು. ಅವುಗಳಲ್ಲಿ ಯಾವುದೂ ಸುಳ್ಳಾಗಿರಲಿಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕು. ಹಾಸಿಗೆ ಮೆತ್ತಗಿತ್ತು, ಬಟ್ಟೆಬರೆ ಶುಭ್ರವಾಗಿದ್ದವು. ಬೆಳಗ್ಗೆ ಎದ್ದರೆ ಕಣ್ಣೆದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹಸಿರು ಗದ್ದೆಗಳು, ಅವುಗಳಾಚೆ ತೆಂಗಿನ ಸಾಲು. ನಮ್ಮ ತೀರ್ಥಹಳ್ಳಿಯ ಕಡೆಯ ಯಾವುದೋ ಊರಿಗೆ ಬಂದಿರುವೆವೇನೋ ಎಂದು ನನ್ನ ಪತ್ನಿ ಮೊದಲ ದಿನ ಹಿಗ್ಗಿದ್ದಳು.

ಬಾಲಿಯ ಜನ ತಮಗಾಗಿ ಕಟ್ಟಿಕೊಳ್ಳುವ ಮನೆಯ ವಿಚಾರವನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಅಲ್ಲಿನ ವಿಲ್ಲಾಗಳೆಲ್ಲವೂ ಆ ಮನೆಯ ರೂಪವನ್ನೇ ಎರವಲು ಪಡೆದವು. ಅಲ್ಲಿ ಮನೆಯೆಂದರೆ ಒಂದೇ ಕಟ್ಟಡವಲ್ಲ. ಸುತ್ತಲೂ ಪ್ರಾಕಾರದ ಗೋಡೆ, ಒಳಗೆ ಅಂಗಳ, ಅಂಗಳದ ಸುತ್ತ 'ಬಲೆ' ಎಂದು ಕರೆಯುವ ಬಿಡಿ ಬಿಡಿ ಮಂಟಪಗಳು. ಈಶಾನ್ಯ ಮೂಲೆಯಲ್ಲಿ ಮನೆದೇವರ ಗುಡಿ, ದಕ್ಷಿಣದ ಕಡೆಗೆ ಅಡುಗೆಮನೆ. ಬಾಗಿಲು ದಾಟಿದೊಡನೆ ಎದುರಿಗೊಂದು ಅಡ್ಡಗೋಡೆ, ದುಷ್ಟಶಕ್ತಿಗಳು ನೇರವಾಗಿ ಒಳನುಗ್ಗದಿರಲೆಂದು. ಮಲಗುವ ಕೋಣೆಗೆ ಗೋಡೆಯುಂಟು, ಆದರೆ ಹಗಲೆಲ್ಲ ಜನ ಕೂರುವ ಮಂಟಪಕ್ಕೆ ಒಂದೆರಡು ಬದಿಗೆ ಗೋಡೆಯೇ ಇಲ್ಲ. ಮೇಲೆ ಅಲಾಂಗ್-ಅಲಾಂಗ್ ಎಂಬ ಹುಲ್ಲಿನ ದಪ್ಪ ಹೊದಿಕೆ, ಮಳೆಯೂ ಬಿಸಿಲೂ ಒಳಗೆ ಬಾರದಂತೆ ಕೆಳಕ್ಕಿಳಿದ ಸೂರು. ಭೂಮಧ್ಯರೇಖೆಯಿಂದ ಎಂಟು ಡಿಗ್ರಿ ದಕ್ಷಿಣದಲ್ಲಿರುವ ಆ ದ್ವೀಪದಲ್ಲಿ ಚಳಿಯೆಂಬುದಿಲ್ಲ. ಅಲ್ಲಿನ ಶತ್ರು ಸೆಖೆ ಮತ್ತು ತೇವ. ಅವೆರಡಕ್ಕೂ ಮದ್ದು ನೆರಳು ಮತ್ತು ಗಾಳಿ. ನಮ್ಮ ಮಲೆನಾಡಿನ ಹಿರಿಯರು ಜಗಲಿ ಮತ್ತು ತೊಟ್ಟಿಗಳ ಮೂಲಕ ಕಂಡುಕೊಂಡ ಉತ್ತರವೂ ಹೆಚ್ಚುಕಡಮೆ ಇದೇ ಅಲ್ಲವೇ?

ಇನ್ನೊಂದು ಸಂಗತಿ ನನ್ನನ್ನು ಬಹುವಾಗಿ ಆಕರ್ಷಿಸಿತು. ಆ ಮನೆಗಳ ಅಳತೆಯನ್ನು ಯಜಮಾನನ ದೇಹದಿಂದಲೇ ತೆಗೆಯುತ್ತಾರೆ. ಚಾಚಿದ ತೋಳುಗಳ ಅಗಲ, ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ, ಪಾದದ ಅಳತೆ, ಇವೇ ಅಲ್ಲಿ ಮಾನಗಳು. ಅಸ್ತ ಕೋಸಲ ಕೋಸಲಿ ಎಂದು ಆ ಶಾಸ್ತ್ರದ ಹೆಸರು. ಮನೆ ಯಾರದೋ ಅವರ ಮೈಗೆ ಅದು ಒಪ್ಪಬೇಕು ಎಂಬುದು ತಾತ್ಪರ್ಯ. ಬಾಲಿಯ ಹಿಂದೂಗಳು ತಮ್ಮ ಬಾಳಿನ ಸೂತ್ರವನ್ನು 'ತ್ರಿ ಹಿತ ಕರಣ' ಎಂದು ಕರೆಯುತ್ತಾರೆ. ದೇವರೊಡನೆ, ಸಹಮಾನವರೊಡನೆ, ಪ್ರಕೃತಿಯೊಡನೆ ಹೊಂದಿಕೊಂಡು ಬಾಳುವುದೇ ಹಿತಕ್ಕೆ ಮೂರು ಕಾರಣಗಳೆಂದು ಅದರ ಅರ್ಥ. 'ಹಿತ' ನಮ್ಮದೇ ಮಾತು. ಆದರೆ ಆ ಪಟ್ಟಿಯಲ್ಲಿದ್ದದ್ದು ಸುಖಸಾಧನಗಳು ಮಾತ್ರ. ಸುಖಸಾಧನ ಬೇರೆ, ಹಿತ ಬೇರೆ ಎಂಬುದನ್ನು ಅಲ್ಲಿದ್ದ ಐದು ದಿನಗಳಲ್ಲಿ ಮೂರು ಬಗೆಯಾಗಿ ಕಲಿತೆ.

ಮೊದಲನೆಯದು ವಿದ್ಯುತ್ತು ಹೋದ ದಿನ. ನಮಗೆ ಕೊಟ್ಟಿದ್ದ ಕೋಣೆ ಗದ್ದೆಯ ನೋಟ ಚೆನ್ನಾಗಿ ಕಾಣಲೆಂದು ಪಶ್ಚಿಮಕ್ಕೆ ಮುಖ ಮಾಡಿ, ನೆಲದಿಂದ ಚಾವಣಿಯವರೆಗೂ ಗಾಜು ಹೊದಿಸಿಕೊಂಡು ನಿಂತಿತ್ತು. ಎರಡನೆಯ ದಿನ ಮಧ್ಯಾಹ್ನ ಸುಮಾರು ಮೂರು ಗಂಟೆ ಕಾಲ ವಿದ್ಯುತ್ ಕಡಿತವಾಯಿತು. ಏ.ಸಿ. ನಿಂತು ಅರ್ಧ ಗಂಟೆಯಾಗುವುದರೊಳಗೆ ಆ ಕೋಣೆ ಬಿಸಿಲಿಗಿಟ್ಟ ಕಾರಿನಂತಾಯಿತು. ಆ ಗಾಜಿನಲ್ಲಿ ತೆರೆಯಬಹುದಾದ ಕಿಟಕಿಯೇ ಇರಲಿಲ್ಲ. ನಾವೆಲ್ಲ ಹೊರಬಂದು, ತೋಟದ ಕೆಲಸದವರು ಊಟಕ್ಕೆ ಕೂರುವ ಹಿಂಬದಿಯ ಹುಲ್ಲಿನ ಮಂಟಪದಲ್ಲಿ ಆಶ್ರಯ ಪಡೆದೆವು. ಅಲ್ಲಿ ಗದ್ದೆಯ ಕಡೆಯಿಂದ ಗಾಳಿ ಸುಳಿಯುತ್ತಿತ್ತು. ಮೊಮ್ಮಗ ಅಲ್ಲಿಯೇ ಚಾಪೆಯ ಮೇಲೆ ನಿದ್ದೆ ಹೋದ. ಆ ಮಂಟಪ ಸೌಲಭ್ಯಗಳ ಪಟ್ಟಿಯಲ್ಲಿ ಇರಲೇ ಇಲ್ಲ!

ಏ.ಸಿ. ಇರಬಾರದೆಂದು ನನ್ನ ವಾದವಲ್ಲ. ರಾತ್ರಿ ನಾನೂ ಅದರ ಸುಖವನ್ನುಂಡವನೇ. ಆದರೆ ಯಂತ್ರವು ಒಳ್ಳೆಯ ಮನೆಗೆ ನೆರವಾಗಬೇಕೇ ಹೊರತು ಕೆಟ್ಟ ಮನೆಯ ತಪ್ಪನ್ನು ಮುಚ್ಚಬಾರದು. ಶ್ರೀಲಂಕೆಯ ವಾಸ್ತುಶಿಲ್ಪಿ ಜೆಫ್ರಿ ಬಾವಾ (2003ರಲ್ಲಿ ನಿಧನರಾದರು) ಈ ವಿದ್ಯೆಯಲ್ಲಿ ಪ್ರವೀಣರು. ಬೆಂಟೋಟದ ಬಳಿ ಅವರು ದಶಕಗಳ ಕಾಲ ತಿದ್ದಿ ತೀಡಿದ ಲುನುಗಂಗ ಎಂಬ ತೋಟದ ಮನೆಯ ಚಿತ್ರಗಳನ್ನು ನೋಡಿದರೆ ವಿಶಾಲವಾದ ಸೂರು, ನೆರಳಿನ ಮೊಗಸಾಲೆ, ಅಂಗಳ, ಗಾಳಿಗೆ ತೆರೆದ ಬಾಗಿಲುಗಳೇ ಕಾಣುತ್ತವೆ. 1970ರ ದಶಕದಲ್ಲಿ ಬಾಲಿಯ ಸಾನೂರಿನಲ್ಲಿಯೂ ಅವರು ಬಾಟುಜಿಂಬಾರ್ ಎಂಬಲ್ಲಿ ಆಸ್ಟ್ರೇಲಿಯದ ಕಲಾವಿದ ಡೊನಾಲ್ಡ್ ಫ್ರೆಂಡ್ ಅವರಿಗಾಗಿ ಮನೆಗಳನ್ನು ವಿನ್ಯಾಸಗೊಳಿಸಿದ್ದರು. ಬಾಲಿಯ ಮಂಟಪಗಳ ಮರ್ಮವನ್ನು ಅರಿತು ಕಟ್ಟಿದ ಅಂಥ ಮನೆಗಳ ರೂಪವನ್ನು ಇಂದಿನ ವಿಲ್ಲಾಗಳು ಅನುಕರಿಸುತ್ತವೆ. ಆದರೆ ನಾವು ತಂಗಿದಂಥವು ಸೂರನ್ನು ಮೊಟಕುಗೊಳಿಸಿ, ಗೋಡೆಗೆ ಗಾಜು ತುಂಬಿ, ಚೆಲುವಿಗೆ ಮಾತ್ರ ಮೇಲೊಂದಿಷ್ಟು ಹುಲ್ಲನ್ನು ಹೊದಿಸುತ್ತವೆ. ಆದುದರಿಂದ ನನ್ನ ಮೊದಲನೆಯ ಪ್ರಶ್ನೆ: ವಿದ್ಯುತ್ತು ಹೋದರೆ ಈ ಮನೆಯಲ್ಲಿ ಕೂರಬಹುದೇ?

ಎರಡನೆಯ ಪಾಠ ಕಹಿಯಾದುದು. ಮೂರನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ನನ್ನ ಪತ್ನಿ ಬಚ್ಚಲಿಗೆಂದು ಎದ್ದಳು. ಮಲಗುವ ಕೋಣೆಯಿಂದ ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು. ಹೊಳಪು ಕೊಟ್ಟ ಕಪ್ಪು ಕಲ್ಲು. ಮೇಲೆ ಆಕಾಶ, ಪಕ್ಕದಲ್ಲಿ ಗಿಡಗಳು, ನೆಲದ ಮೇಲೆ ಹಗಲಿನ ಸ್ನಾನದ ತೇವ. ದೀಪದ ಗುಂಡಿ ಇದ್ದುದು ಮೆಟ್ಟಿಲಿಳಿದ ಮೇಲೆ ಎದುರುಗೋಡೆಯಲ್ಲಿ. ಎರಡು ವರ್ಷದ ಹಿಂದೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಅವಳು ಕಾಲು ಜಾರಿ, ಆಸರೆಗೆಂದು ಕೈಚಾಚಿದರೆ ಹಿಡಿಯಲು ಏನೂ ಸಿಗದೆ, ಆ ಕಲ್ಲಿನ ತೊಟ್ಟಿಯ ಅಂಚಿಗೆ ಬಿದ್ದಳು. ಶಬ್ದ ಕೇಳಿ ನಾನು ಓಡಿಹೋದಾಗ ಅವಳು ನೆಲದ ಮೇಲೆ ಕುಳಿತಿದ್ದಳು. ಆ ಕ್ಷಣದಲ್ಲಿ ನನ್ನ ಎದೆ ನಿಂತೇ ಹೋಗಿತ್ತು. ದೈವಕೃಪೆಯಿಂದ ಮೂಳೆ ಮುರಿದಿರಲಿಲ್ಲ. ಮಣಿಕಟ್ಟು ಬಾತುಕೊಂಡಿತ್ತು, ಸೊಂಟದ ಬಳಿ ನೀಲಿಗಟ್ಟಿತ್ತು. ಉಳಿದ ಎರಡು ದಿನ ಅವಳು ಕೋಣೆಯಲ್ಲಿಯೇ ಕಳೆಯಬೇಕಾಯಿತು.

ಮರುದಿನ ಬೆಳಗ್ಗೆ ಆ ಪಟ್ಟಿಯನ್ನು ಮತ್ತೊಮ್ಮೆ ತೆರೆದು ಓದಿದೆ. ನಲವತ್ತಕ್ಕೂ ಹೆಚ್ಚು ಸೌಲಭ್ಯಗಳಲ್ಲಿ ಗೋಡೆಗೊಂದು ಹಿಡಿಕೆಯಿರಲಿಲ್ಲ. ಆ ಹಿಡಿಕೆಯ ಬೆಲೆ ಅಲ್ಲಿನ ಕಾಫಿ ಯಂತ್ರದ ಬೆಲೆಯ ಅಂಶವೂ ಆಗಲಾರದು. ಇನ್ನೂ ಗಮನವಿಟ್ಟು ನೋಡಿದೆ: ಈಜುಕೊಳದ ಸುತ್ತ ಬೇಲಿಯಿರಲಿಲ್ಲ. ಊಟದ ಮೇಜಿನಿಂದ ನಾಲ್ಕು ಹೆಜ್ಜೆಗೆ ಒಂದೂವರೆ ಮೀಟರು ಆಳದ ನೀರು, ಮನೆಯಲ್ಲಿ ನಾಲ್ಕು ವರ್ಷದ ಮಗು. ಮಗಳು ಆ ಐದು ದಿನವೂ ಮಗುವಿನ ಹಿಂದೆ ಓಡಾಡಿಯೇ ದಣಿದಿದ್ದಳು. ತಾಯಿಗೆ ಕ್ಷಣಕಾಲವೂ ಕಣ್ಣು ಮುಚ್ಚಲು ಬಿಡದ ಮನೆಯನ್ನು ವಿಶ್ರಾಂತಿಧಾಮವೆಂದು ಹೇಗೆ ಕರೆಯುವುದು?

ಹಿಂದಿನ ಅತಿಥಿಗಳ ಅಭಿಪ್ರಾಯಗಳನ್ನೂ ಓದಿದೆ. ಬಹುತೇಕ ಎಲ್ಲರೂ ಐದು ನಕ್ಷತ್ರ ಕೊಟ್ಟಿದ್ದರು. ಅವರು ಸುಳ್ಳು ಬರೆದಿರಲಿಲ್ಲ. ಹೆಚ್ಚಿನವರು ಹೊಸದಾಗಿ ಮದುವೆಯಾದ ತರುಣ ದಂಪತಿಗಳು. ಅವರ ಕಾಲಿಗೆ ಆ ಕಲ್ಲು ಜಾರಲಿಲ್ಲ, ಅವರ ಕಣ್ಣಿಗೆ ಆ ಕತ್ತಲೆ ತೊಡಕಾಗಲಿಲ್ಲ. ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗರಿಗೆ ಅರ್ಥವಾಯಿತೆಂದರೆ ಪಾಠ ಚೆನ್ನಾಗಿತ್ತೆಂದು ತಿಳಿಯುವ ಮೇಷ್ಟರ ತಪ್ಪು ಇಲ್ಲಿಯೂ ನಡೆಯುತ್ತಿದೆ. ಆ ತಪ್ಪನ್ನು ನಾನು ನನ್ನ ವೃತ್ತಿಯ ಮೊದಲ ಹತ್ತು ವರ್ಷ ಮಾಡಿದವನಾದುದರಿಂದ ಬಲ್ಲೆ. ಕೊನೆಯ ಬೆಂಚಿನವನಿಗೆ ಕೇಳಿಸಿತೇ ಎಂಬುದೇ ಪಾಠದ ಪರೀಕ್ಷೆ. ಮನೆಗೂ ಅದೇ. ಬಾಲಿಯವರು ಮನೆಯನ್ನು ಯಜಮಾನನ ದೇಹದಿಂದ ಅಳೆದರೆ, ಬಾಡಿಗೆಯ ಮನೆಯನ್ನು ಅಲ್ಲಿಗೆ ಬರಬಹುದಾದ ಅತ್ಯಂತ ದುರ್ಬಲ ದೇಹದಿಂದ ಅಳೆಯಬೇಕು. ನನ್ನ ಎರಡನೆಯ ಪ್ರಶ್ನೆ ಇದು: ಎಪ್ಪತ್ತರ ಮುದುಕಿಯೂ ನಾಲ್ಕರ ಮಗುವೂ ಇಲ್ಲಿ ಅಂಜಿಕೆಯಿಲ್ಲದೆ ಓಡಾಡಬಲ್ಲರೇ?

ಮೂರನೆಯ ಪಾಠವನ್ನು ಕಲಿಸಿದವನು ತೋಟ ನೋಡಿಕೊಳ್ಳುತ್ತಿದ್ದ ವೃದ್ಧ. ಅವನಿಗೆ ಪಕ್ಕದಲ್ಲಿಯೇ ಒಂದು ತುಂಡು ಗದ್ದೆಯಿತ್ತು. ನಾನು ಕೃಷಿಕರ ಮನೆಯಿಂದ ಬಂದವನೆಂದು ತಿಳಿದ ಮೇಲೆ, ಅಡುಗೆಯ ಹುಡುಗಿಯನ್ನು ದುಭಾಷಿಯಾಗಿ ಇರಿಸಿಕೊಂಡು, ನಾವಿಬ್ಬರೂ ಬಹಳ ಹೊತ್ತು ನಾಟಿ, ಅಗೆ, ಕಾಲುವೆಗಳ ಮಾತಾಡಿದೆವು. ಬಾಲಿಯಲ್ಲಿ ನೀರು ಹಂಚುವ ರೈತರ ಕೂಟಕ್ಕೆ 'ಸುಬಕ್' ಎಂದು ಹೆಸರು. ಶತಮಾನಗಳಿಂದ ನಡೆದುಬಂದ ಪದ್ಧತಿ. ಯಾರ ಗದ್ದೆಗೆ ಎಂದು ನೀರು, ಎಂದು ಬಿತ್ತನೆ, ಎಂದು ಗದ್ದೆಯನ್ನು ಬಿಡುವು ಬಿಡಬೇಕು ಎಂಬುದನ್ನು ನೀರಿನ ಗುಡಿಗಳ ಉತ್ಸವಗಳೊಂದಿಗೆ ಹೊಂದಿಸಿ ಎಲ್ಲರೂ ಕೂಡಿ ನಿರ್ಧರಿಸುತ್ತಾರೆ. ಮೇಲಿನವನು ತನ್ನ ಪಾಲು ಮೀರಿದರೆ ಕೆಳಗಿನವನ ಗದ್ದೆ ಒಣಗುತ್ತದೆಯಾದ್ದರಿಂದ ಇದು ಸಹಬಾಳ್ವೆಯ ಶಾಸ್ತ್ರವೇ ಸರಿ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಈ ಪದ್ಧತಿಯ ಬಗ್ಗೆ 1991ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. 2012ರಲ್ಲಿ ಯುನೆಸ್ಕೊ ಸುಬಕ್ ಭೂದೃಶ್ಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ವೃದ್ಧ ಕೈಚಾಚಿ ತೋರಿಸಿದ: ಎಡಬದಿಯ ಎರಡು ಗದ್ದೆಗಳಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಅಲ್ಲಿ ಇನ್ನೊಂದು ವಿಲ್ಲಾ ಏಳಲಿತ್ತು. ನಾವಿದ್ದ ವಿಲ್ಲಾ ಕೂಡ ಹನ್ನೆರಡು ವರ್ಷದ ಹಿಂದೆ ಗದ್ದೆಯೇ ಆಗಿತ್ತಂತೆ. ನಡುವೆ ಕಟ್ಟಡ ಬಂದರೆ ಕಾಲುವೆ ತಿರುಗಿಸಬೇಕಾಗುತ್ತದೆ, ಕೂಟದಲ್ಲಿ ಕಾಲುವೆಯ ಹೂಳೆತ್ತುವ ಕೈಗಳೂ ಕಡಮೆಯಾಗುತ್ತವೆ ಎಂದು ಅವನು ಹೇಳಿದ. ಅವನ ದನಿಯಲ್ಲಿ ದೂರಿರಲಿಲ್ಲ. ಗದ್ದೆಗಿಂತ ವಿಲ್ಲಾದ ಸಂಬಳವೇ ತನ್ನ ಮನೆ ನಡೆಸುತ್ತಿದೆ ಎಂಬುದನ್ನೂ ಅವನೇ ಹೇಳಿದ.

ಅಂದು ಸಂಜೆ ಹಳೆಯ ಅಭ್ಯಾಸಬಲದಿಂದ ಒಂದು ಲೆಕ್ಕ ಹಾಕಿದೆ. ಆ ಈಜುಕೊಳದ ಉದ್ದ ಎಂಟು ಮೀಟರು, ಅಗಲ ನಾಲ್ಕು, ಆಳ ಒಂದೂವರೆ. ಒಟ್ಟು 48 ಘನಮೀಟರು, ಅಂದರೆ 48,000 ಲೀಟರು ನೀರು. ನಮ್ಮ ದೇಶದ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರೆಂಬುದು ನೀರು ಪೂರೈಕೆಯ ಮಾನದಂಡ. ಆ ಲೆಕ್ಕದಲ್ಲಿ ಅದು ಒಬ್ಬನಿಗೆ 355 ದಿನಗಳ ನೀರು. ಬಿಸಿಲಿಗೆ ದಿನಕ್ಕೆ ಅರ್ಧ ಸೆಂಟಿಮೀಟರು ಆವಿಯಾಯಿತೆಂದು ಇಟ್ಟುಕೊಂಡರೂ 160 ಲೀಟರು ಮತ್ತೆ ತುಂಬಬೇಕು. ನೀರು ಬರುತ್ತಿದ್ದುದು ಅದೇ ಆವರಣದ ಕೊಳವೆಬಾವಿಯಿಂದ. ಒಂದು ಕೊಳದಿಂದ ದ್ವೀಪವೇನೂ ಬರಿದಾಗದು. ಆದರೆ ಆ ದಾರಿಯುದ್ದಕ್ಕೂ ಪ್ರತಿ ಗೇಟಿನ ಒಳಗೂ ಒಂದೊಂದು ಕೊಳವಿತ್ತು.

ಆ ದ್ವೀಪದವರು ಅತಿಥಿಗಳ ಕಟ್ಟಡಗಳಿಗೆ ಹಿಂದೊಮ್ಮೆ ತಾವೇ ಅಳತೆಗೋಲು ಹಿಡಿದಿದ್ದರು. 1966ರಲ್ಲಿ ಸಾನೂರಿನ ಕಡಲತೀರದಲ್ಲಿ ಹತ್ತು ಅಂತಸ್ತಿನ ಬಾಲಿ ಬೀಚ್ ಹೋಟೆಲು ತಲೆಯೆತ್ತಿದ ಬಳಿಕ, ಇನ್ನು ಮುಂದೆ ಕಟ್ಟಡಗಳು ತೆಂಗಿನಮರಕ್ಕಿಂತ ಎತ್ತರವಿರಬಾರದು, ಅಂದರೆ 15 ಮೀಟರು ಮೀರಬಾರದು ಎಂಬ ನಿಯಮ ಬಂದಿತು. ಅದರ ಫಲವಾಗಿಯೇ ಇಂದಿಗೂ ಬಾಲಿಯ ಆಕಾಶರೇಖೆಯಲ್ಲಿ ತೆಂಗಿನ ತಲೆಗಳು ಕಾಣುತ್ತವೆ. ಆದರೆ ಎತ್ತರವನ್ನು ಅಳೆದ ಆ ನಿಯಮ ಅಗಲವನ್ನು ಅಳೆಯಲಿಲ್ಲ. ತೆಂಗಿಗಿಂತ ಗಿಡ್ಡವಾದ ವಿಲ್ಲಾಗಳು ಗದ್ದೆಗಳ ಮೇಲೆ ಹರಡಿಕೊಂಡವು.

'ಗದ್ದೆಯ ನೋಟ' ಎಂಬ ಸೌಲಭ್ಯವನ್ನು ವಿಲ್ಲಾದ ಪಟ್ಟಿಯಲ್ಲಿ ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತಿತ್ತು. ಆ ನೋಟವನ್ನು ಉಂಟುಮಾಡುವವನು ಬೆಳಗಿನ ಜಾವ ಮೊಣಕಾಲುದ್ದ ಕೆಸರಿಗಿಳಿಯುವ ರೈತ. ಬಾಡಿಗೆ ಪಡೆಯುವವನು ವಿಲ್ಲಾದ ಒಡೆಯ. ಗದ್ದೆ ಮಾರಾಟವಾದ ದಿನ ಆ ಸೌಲಭ್ಯವೂ ಇಲ್ಲ. ಹೀಗಾಗಿ ನನ್ನ ಮೂರನೆಯ ಪ್ರಶ್ನೆ: ಈ ಮನೆಯ ಹಿತ ಯಾರ ಪಾಲಿನಿಂದ ಬರುತ್ತಿದೆ, ಅವರಿಗೆ ಏನು ಸಲ್ಲುತ್ತಿದೆ?

ಇದನ್ನೆಲ್ಲ ಹೇಳಿದಾಗ ಮಗಳು, "ಅಪ್ಪಾ, ರಜೆಯಲ್ಲೂ ನೀತಿಪಾಠವೇ?" ಎಂದು ನಕ್ಕಳು. ಅವಳ ಮಾತಿನಲ್ಲಿ ಸತ್ಯವಿದೆ. ವರ್ಷವಿಡೀ ದುಡಿದವರು ಐದು ದಿನ ನಿಶ್ಚಿಂತೆಯಿಂದಿರಲು ಹಣ ತೆತ್ತಿರುತ್ತಾರೆ. ಆ ಕೊಳದಲ್ಲಿ ಮೊಮ್ಮಗನನ್ನು ಎತ್ತಿಕೊಂಡು ನಾನೂ ಇಳಿದಿದ್ದೆ. ಅವನು "ಅಜ್ಜಾ, ಇನ್ನೊಂದ್ಸಲ" ಎಂದು ಕೂಗಿದಾಗ ನೀರಿನ ಲೆಕ್ಕ ನನಗೂ ಮರೆತುಹೋಗಿತ್ತು. ಸುಖವನ್ನು ಅನುಭವಿಸಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಅನುಭವಿಸಿದ ಮೇಲೆ ಅಂಕ ಕೊಡೆಂದು ಕೇಳಿದಾಗ, ಕಂಡದ್ದನ್ನು ಕಾಣದವರಂತೆ ಅಂಕ ಕೊಡುವುದು ಸರಿಯಲ್ಲ.

ಅಂಕ ಕೊಡುವುದಕ್ಕೂ ಒಂದು ತೊಡಕಿತ್ತು. ಅದು ಆ ಅಡುಗೆಯ ಹುಡುಗಿ. ಬಾಲಿಯಲ್ಲಿ ಹೆಸರು ಕೇಳಿದರೆ ಹುಟ್ಟಿದ ಕ್ರಮ ಸಾಮಾನ್ಯವಾಗಿ ತಿಳಿಯುತ್ತದೆ. ಆಕೆ ಮನೆಯ ಎರಡನೆಯ ಮಗಳು. ಬೆಳಗ್ಗೆ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು ಮೂಲೆ ಮೂಲೆಗೂ ನೈವೇದ್ಯವಿರಿಸಿ, ಬಳಿಕ ನಮ್ಮ ಕಾಫಿ ಕಾಸುತ್ತಿದ್ದಳು. ಪತ್ನಿ ಬಿದ್ದ ರಾತ್ರಿ ಓಡಿಬಂದವಳೂ ಅವಳೇ. ಎರಡು ದಿನ "ಇಬು, ಇಬು" ಎಂದು ತಾಯಿಯನ್ನು ಕರೆದಂತೆ ಕರೆಯುತ್ತ ಕೈಗೆ ಎಣ್ಣೆ ಹಚ್ಚಿದಳು. ಹೊರಡುವ ದಿನ ನನ್ನ ಬಳಿ ಬಂದು, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ಬಾಪಾಕ್, ದಯವಿಟ್ಟು ಐದು ನಕ್ಷತ್ರ. ನಾಲ್ಕು ಬಂದರೆ ಯಜಮಾನರು ನನ್ನನ್ನು ಕೇಳುತ್ತಾರೆ" ಎಂದು ಕೈಮುಗಿದಳು.

ನಮ್ಮ ಪಬ್ಲಿಕ್ ಪರೀಕ್ಷೆಗಳ ಮೌಲ್ಯಮಾಪನದಲ್ಲಿ ಮಗುವಿನ ಮುಖ ನಮಗೆ ಕಾಣುತ್ತಿರಲಿಲ್ಲ. ಅದರಲ್ಲಿ ಒಂದು ನ್ಯಾಯವಿತ್ತು. ಇಲ್ಲಿಯಾದರೋ ಪರೀಕ್ಷೆಗೆ ಕೂತವನು ಒಬ್ಬ, ಫಲಿತಾಂಶಕ್ಕೆ ಅಂಜುವವಳು ಇನ್ನೊಬ್ಬಳು. ಜಾರುವ ಕಲ್ಲನ್ನು ಹಾಸಿಸಿದವಳು ಅವಳಲ್ಲ, ಅದನ್ನು ದಿನವೂ ತೊಳೆಯುವವಳು. ಅಂಕ ಕಡಮೆಯಾದರೆ ಮೊದಲು ಬೈಸಿಕೊಳ್ಳುವವಳೂ ಅವಳೇ. ಕನಿಕರದಿಂದ ಎಲ್ಲರೂ ಐದು ಕೊಡುತ್ತ ಹೋದರೆ, ಮುಂದೆ ಆ ಬಚ್ಚಲಿನಲ್ಲಿ ಇನ್ನಾರ ಸೊಂಟದ ಮೂಳೆ ಮುರಿಯಬೇಕು?

ತೀರ್ಮಾನವನ್ನು ಕೊಟ್ಟವಳು ನನ್ನ ಪತ್ನಿ. "ಆ ಹುಡುಗಿಗೆ ತೊಂದರೆಯಾಗುವಂಥದ್ದು ಬರೀಬೇಡಿ. ಆದರೆ ಬಚ್ಚಲಿನ ವಿಷಯ ಬರೆಯದೆ ಇರಬೇಡಿ" ಎಂದಳು. ಅದರಂತೆ ಚೊಕ್ಕಟತನಕ್ಕೂ ಉಪಚಾರಕ್ಕೂ ಐದನ್ನೇ ಕೊಟ್ಟೆ. ಒಟ್ಟಾರೆ ಅಂಕದಲ್ಲಿ ನಾಲ್ಕು. ಕೆಳಗೆ ಮೊದಲ ಸಾಲಿನಲ್ಲಿಯೇ, ಕಡಮೆಯಾದ ಒಂದು ನಕ್ಷತ್ರ ಕಟ್ಟಡದ್ದು, ಕೆಲಸದವರದ್ದಲ್ಲ ಎಂದು ಮಗಳ ಕೈಯಿಂದ ಬರೆಯಿಸಿದೆ. ಹಿಡಿಕೆ, ಒರಟು ನೆಲಹಾಸು, ಮೆಟ್ಟಿಲ ದೀಪ, ಕೊಳಕ್ಕೆ ಬೇಲಿ, ತೆರೆಯಬಲ್ಲ ಕಿಟಕಿ ಎಂದು ಐದು ಸಲಹೆಗಳನ್ನು ಒಡೆಯನಿಗೆ ಪ್ರತ್ಯೇಕವಾಗಿ ಕಳುಹಿಸಿದೆ. ಪರಿಶೀಲಿಸುತ್ತೇವೆಂದು ವಿನಯದ ಉತ್ತರ ಬಂದಿತು. ಮೊನ್ನೆ ಮಗಳು ಆ ಪುಟವನ್ನು ಮತ್ತೆ ತೆರೆದು ತೋರಿಸಿದಳು. ಬಚ್ಚಲಿನ ಚಿತ್ರದಲ್ಲಿ ಈಗ ರಬ್ಬರಿನ ಚಾಪೆಯೊಂದು ಕಾಣುತ್ತದೆ. ಹಿಡಿಕೆ ಇನ್ನೂ ಬಂದಿಲ್ಲ. ಎಡಬದಿಯ ಗದ್ದೆಗಳು ಚಿತ್ರದಲ್ಲಿ ಹಸಿರಾಗಿಯೇ ಇವೆ. ಅದು ಹಳೆಯ ಚಿತ್ರವಿರಬೇಕು.

ನಾನು ಕಳೆದ ಆ ಒಂದು ನಕ್ಷತ್ರದಿಂದ ಆ ಹುಡುಗಿಗೆ ಬೈಗುಳ ಬಿದ್ದಿತೋ ಏನೋ ಎಂಬ ಅಳುಕು ಈಗಲೂ ಇದೆ. ಆದರೂ ಮಾಡಿದ್ದು ಸರಿಯೆಂದೇ ನಂಬಿದ್ದೇನೆ. ಓದುಗ ಮಿತ್ರರಲ್ಲಿ ಅನೇಕರು ಮಕ್ಕಳೊಡನೆ ಇಂಥ ಪ್ರವಾಸಗಳಿಗೆ ಹೋಗುವವರಿದ್ದೀರಿ. ಹೊರಡುವ ಮೊದಲು ಚಿತ್ರಗಳನ್ನು ನೋಡಿ ಮರುಳಾಗದೆ, ಬಚ್ಚಲಿಗೆ ಮೆಟ್ಟಿಲೆಷ್ಟು, ನೆಲ ಎಂಥದು, ಕಿಟಕಿ ತೆರೆಯುವುದೇ, ಕೊಳಕ್ಕೆ ಬೇಲಿಯಿದೆಯೇ ಎಂದು ಮನೆಯೊಡೆಯರನ್ನು ಕೇಳಿ. ಹಿಂದಿರುಗಿದ ಮೇಲೆ ನಕ್ಷತ್ರ ಕೊಡುವಾಗ, ದುಡಿದ ಕೈಗಳ ಲೆಕ್ಕವನ್ನೂ ಕಟ್ಟಡದ ಲೆಕ್ಕವನ್ನೂ ಬೇರೆ ಬೇರೆಯಾಗಿ ಬರೆಯಿರಿ. ನಿಮ್ಮ ನಂತರ ಅಲ್ಲಿಗೆ ಹೋಗುವ ಯಾವುದೋ ಅಜ್ಜಿಗೆ ನಕ್ಷತ್ರಕ್ಕಿಂತ ನೀವು ಬರೆದ ಎರಡು ಸಾಲುಗಳೇ ಹೆಚ್ಚು ಉಪಯೋಗಕ್ಕೆ ಬಂದಾವು.